ಕಡಲಿಲ್ಲದ ಜಿಲ್ಲೆಗೆ ಬರುವ ಚಂಡಮಾರುತ

2021ರ ನವೆಂಬರ್ 13ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಸುಮಾರು 200 ರಾಷ್ಟ್ರಗಳ ಪ್ರತಿನಿಧಿಗಳು ಒಂದು ಪದದ ಬಗ್ಗೆ ಕೊನೆಯ ಗಳಿಗೆಯವರೆಗೆ ವಾದಿಸಿದರು. ಕಲ್ಲಿದ್ದಲಿನ ಬಳಕೆಯನ್ನು ಹಂತಹಂತವಾಗಿ ‘ಕೊನೆಗಾಣಿಸುವುದು’ ಎಂದು ಬರೆಯಬೇಕೋ, ‘ತಗ್ಗಿಸುವುದು’ ಎಂದು ಬರೆಯಬೇಕೋ ಎಂಬುದು ವಾದದ ವಿಷಯ. ಭಾರತ ಮತ್ತು ಚೀನಾದ ಒತ್ತಾಯದಿಂದ ಎರಡನೆಯ ಪದವೇ ಉಳಿಯಿತು. ಇದಾದ ಆರನೆಯ ದಿನ, ನವೆಂಬರ್ 19ರಂದು, ಬಂಗಾಳ ಕೊಲ್ಲಿಯ ವಾಯುಭಾರ ಕುಸಿತವೊಂದು ಪುದುಚೇರಿ ಮತ್ತು ಚೆನ್ನೈ ನಡುವೆ ಕರಾವಳಿಯನ್ನು ದಾಟಿತು. ನಮ್ಮ ಪಂಚಾಂಗದ ಲೆಕ್ಕದಲ್ಲಿ ಅಂದು ಅನುರಾಧ ಮಳೆ ಹುಟ್ಟಿದ ದಿನ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಹೊಲಗಳಲ್ಲಿ ಆ ಹೊತ್ತಿಗೆ ರಾಗಿ ಬಲಿತು ನಿಂತಿತ್ತು. ಕೆಲವೆಡೆ ಕೊಯ್ದು ಅರಿ ಹಾಕಲಾಗಿತ್ತು.

ನಮ್ಮ ಬೆಟ್ಟದ ತಪ್ಪಲಿನ ಊರಿನಲ್ಲಿ ಒಂದೂವರೆ ಎಕರೆ ಮಳೆಯಾಶ್ರಿತ ಜಮೀನಿರುವ ರೈತ ಮಹಿಳೆಯೊಬ್ಬರಿದ್ದಾರೆ. ಆ ತಿಂಗಳ 11ರಂದು ಚೆನ್ನೈ ಬಳಿ ದಾಟಿದ ಮೊದಲ ವಾಯುಭಾರ ಕುಸಿತದ ಮಳೆ ಬಿಡುವು ಕೊಟ್ಟು ಬಿಸಿಲು ಇಣುಕಿದಾಗ ಅವರು ನನ್ನನ್ನು ಕೇಳಿದರು: “ಕೊಯ್ಯಲೇ, ಬಿಡಲೇ?” ತೆನೆ ಪೂರ್ಣ ಬಲಿತಿತ್ತು, ಇನ್ನೂ ಬಿಟ್ಟರೆ ಪೈರು ಮಲಗುವುದು ಖಚಿತವಿತ್ತು. ಕೊಯ್ಯಿರಿ ಎಂದು ಹೇಳಿದವನು ನಾನೇ. ಕೃಷಿ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವನ ಮಾತೆಂದು ಅವರು ನಂಬಿದರು. ಎರಡು ದಿನದಲ್ಲಿ ಕೊಯ್ಲು ಮುಗಿಯಿತು. ಮೂರನೆಯ ದಿನ ಮಳೆ ಹಿಡಿಯಿತು. ವಾರದ ಬಳಿಕ ಅರಿಯನ್ನು ಎತ್ತಿ ನೋಡಿದಾಗ ತೆನೆಯ ಮೇಲೆಯೇ ಕಾಳು ಮೊಳೆತು ಹಸಿರಾಗಿತ್ತು. ಹುಲ್ಲು ಕಪ್ಪು ಹಿಡಿದು, ಹಸು ಮೂಸಿ ನೋಡಿ ಮುಖ ತಿರುಗಿಸಿತು.

ಹಾನಿಯ ಸಮೀಕ್ಷೆಗೆ ಬಂದ ಸಿಬ್ಬಂದಿ ‘ನಿಂತ ಬೆಳೆ’ಯನ್ನು ಮಾತ್ರ ಬರೆದುಕೊಳ್ಳುತ್ತೇವೆ ಎಂದರು. ಕೊಯ್ದ ಬೆಳೆ ಅವರ ಪಟ್ಟಿಯಲ್ಲಿರಲಿಲ್ಲ. ಪಕ್ಕದ ಹೊಲದಲ್ಲಿ ಕೊಯ್ಯದೆ ಬಿಟ್ಟವರ ಹೆಸರು ಪಟ್ಟಿಗೆ ಸೇರಿತು, ಕೊಯ್ದವರ ಹೆಸರು ಬಿಟ್ಟುಹೋಯಿತು. ಸಲಹೆ ಕೊಟ್ಟ ನನ್ನ ಹೆಸರಂತೂ ಯಾವ ಪಟ್ಟಿಯಲ್ಲಿಯೂ ಇಲ್ಲ. ಈ ಲೇಖನವನ್ನು ಬರೆಯಲು ಆ ಒಂದೂವರೆ ಎಕರೆಯೇ ಕಾರಣ.

ಬರಗಾಲದ ಕಡತದೊಳಗಿನ ಜಿಲ್ಲೆ

ಕೋಲಾರ ಜಿಲ್ಲೆಗೆ ಸಮುದ್ರವಿಲ್ಲ, ವರ್ಷಪೂರ್ತಿ ಹರಿಯುವ ನದಿಯೂ ಇಲ್ಲ. ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿರುವ ಕೋಲಾರ ಪಟ್ಟಣದಿಂದ ಚೆನ್ನೈನ ಕಡಲತೀರ 200 ಕಿಲೋಮೀಟರಿಗೂ ದೂರ. ಆದುದರಿಂದ ಆಡಳಿತದ ದೃಷ್ಟಿಯಲ್ಲಿ ನಮ್ಮ ವಿಪತ್ತು ಎಂದರೆ ಬರಗಾಲ ಮಾತ್ರ. ರಾಜ್ಯದಲ್ಲಿ 1988ರಲ್ಲಿ ಸ್ಥಾಪನೆಯಾದ ಸಂಸ್ಥೆಯ ಹೆಸರೇ ಬರ ನಿಗಾ ಘಟಕ. ಅದು ಬೆಳೆದು ಇಂದಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಬರಗಾಲವೂ ಸುಳ್ಳಲ್ಲ, ಸಾವಿರ ಅಡಿ ದಾಟಿದ ಕೊಳವೆಬಾವಿಗಳೇ ಅದಕ್ಕೆ ಸಾಕ್ಷಿ.

ಆದರೆ ಈ ಜಿಲ್ಲೆಯ ಮಳೆಯ ಜಾತಕವನ್ನು ಬರೆದಿರುವುದು ಅರಬ್ಬಿ ಸಮುದ್ರವೊಂದೇ ಅಲ್ಲ. ಮಲೆನಾಡನ್ನು ತೋಯಿಸಿದ ಮುಂಗಾರು ಇಲ್ಲಿಗೆ ಬರುವಾಗ ಬಡವಾಗಿರುತ್ತದೆ. ಕೆರೆ ತುಂಬಿಸುವ ಮಳೆ ಬಹುಮಟ್ಟಿಗೆ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಬೀಳುವಂಥದು, ಅದರಲ್ಲಿ ದೊಡ್ಡ ಪಾಲು ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳದು. ಹಳ್ಳಿಗಳಲ್ಲಿ ಇದನ್ನು ‘ತುಫಾನು ಮಳೆ’ ಎಂದು ಕರೆಯುವುದುಂಟು. 2016ರ ಡಿಸೆಂಬರ್‌ನ ವಾರ್ದಾ, 2020ರ ನವೆಂಬರ್‌ನ ನಿವಾರ್, 2022ರ ಡಿಸೆಂಬರ್‌ನ ಮಾಂಡೌಸ್, 2024ರ ನವೆಂಬರ್ 30ರಂದು ಪುದುಚೇರಿ ಬಳಿ ದಾಟಿದ ಫೆಂಗಲ್ — ಇವೆಲ್ಲವೂ ತಮಿಳುನಾಡಿನ ಕರಾವಳಿಯಲ್ಲಿ ನೆಲ ಮುಟ್ಟಿದವು. ಇವು ತಂದ ಮೋಡ ಘಟ್ಟ ಹತ್ತಿದಾಗ ನೆನೆದದ್ದು ಮಾತ್ರ ನಮ್ಮ ಕಣಗಳು.

ಇದು ಹೊಸದೇನಲ್ಲ ಎಂಬುದನ್ನೂ ಹೇಳಬೇಕು. 1903ರ ನವೆಂಬರ್‌ನಲ್ಲಿ ಮೈಸೂರು ಸೀಮೆಯ ಕೆರೆಗಳು ಒಡೆದು ಪಾಲಾರ್ ನದಿ ಉಕ್ಕಿದಾಗ ಕೆಳಗಿನ ವಾಣಿಯಂಬಾಡಿ ಪಟ್ಟಣ ಕೊಚ್ಚಿಹೋಗಿ ಸುಮಾರು 200 ಜನ ಸತ್ತರು. ಹಿಂಗಾರಿನ ತುಫಾನು ನಮ್ಮ ಹಿರಿಯರಿಗೆ ಗೊತ್ತಿತ್ತು. ಆದಕಾರಣವೇ ಅವರು ಒಂದರ ಕೋಡಿ ಇನ್ನೊಂದಕ್ಕೆ ಬೀಳುವಂತೆ ಕೆರೆಗಳ ಸರಪಣಿಯನ್ನು ಕಟ್ಟಿದರು. ಅವಿಭಜಿತ ಕೋಲಾರ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದುದಕ್ಕೆ ಕಾರಣ ಬರಗಾಲದ ಭಯವೊಂದೇ ಅಲ್ಲ. ನಾಲ್ಕು ದಿನಗಳಲ್ಲಿ ಸುರಿಯುವ ಮಳೆಯನ್ನು ನಾಲ್ಕು ತಿಂಗಳು ಉಣ್ಣುವ ವಿದ್ಯೆಯೂ ಅದರೊಳಗಿತ್ತು.

ಬದಲಾದದ್ದೇನು?

ಹಾಗಾದರೆ ವಾಯುಗುಣ ಬದಲಾವಣೆಯ ಮಾತು ಇಲ್ಲಿ ಏಕೆ? ಕೈಗಾರಿಕಾ ಯುಗಕ್ಕೆ ಮುನ್ನ ವಾತಾವರಣದಲ್ಲಿ ದಶಲಕ್ಷಕ್ಕೆ ಸುಮಾರು 280 ಭಾಗದಷ್ಟಿದ್ದ ಇಂಗಾಲದ ಡೈಆಕ್ಸೈಡ್ ಈಗ 420 ಭಾಗವನ್ನು ಮೀರಿದೆ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಅದು ಹಿಡಿದುಕೊಳ್ಳಬಲ್ಲ ನೀರಾವಿ ಸುಮಾರು ಶೇ. 7ರಷ್ಟು ಹೆಚ್ಚುತ್ತದೆ. ಇದು ಪ್ರೌಢಶಾಲೆಯ ಭೌತವಿಜ್ಞಾನಕ್ಕೂ ನಿಲುಕುವ ನಿಯಮ. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತಗಳ ಸಂಖ್ಯೆ ಏರುತ್ತಿದೆ ಎಂದು ಹೇಳಿದರೆ ಅದು ಉತ್ಪ್ರೇಕ್ಷೆಯಾದೀತು, ಏಕೆಂದರೆ ದಾಖಲೆಗಳು ಹಾಗೆ ಹೇಳುವುದಿಲ್ಲ. ಆದರೆ ಹುಟ್ಟಿದ ಚಂಡಮಾರುತ ಹೆಚ್ಚು ಬಲಿಯುವ ಮತ್ತು ಹೆಚ್ಚು ನೀರನ್ನು ಹೊತ್ತು ತರುವ ಸಾಧ್ಯತೆ ಹೆಚ್ಚಿದೆ. 2021ರ ಆಗಸ್ಟ್‌ನಲ್ಲಿ ಹೊರಬಂದ ಐಪಿಸಿಸಿ ವರದಿ ಭೂಮಿಯ ಬಿಸಿಯೇರಿಕೆಗೆ ಮನುಷ್ಯನೇ ಕಾರಣ ಎಂಬುದರಲ್ಲಿ ಸಂಶಯಕ್ಕೆ ಎಡೆಯಿಲ್ಲ ಎಂದು ಹೇಳಿತು. 2024 ಕೈಗಾರಿಕಾಪೂರ್ವ ಮಟ್ಟಕ್ಕಿಂತ ಸರಾಸರಿ 1.5 ಡಿಗ್ರಿ ಮೀರಿದ ಮೊದಲ ಕ್ಯಾಲೆಂಡರ್ ವರ್ಷವಾಯಿತು.

ಬೆಳೆಯ ಕಡೆಯಿಂದ ನೋಡಿದರೆ ತೊಂದರೆ ಮಳೆಯ ಒಟ್ಟು ಮೊತ್ತದಲ್ಲಿಲ್ಲ, ಅದು ಬೀಳುವ ಗಳಿಗೆಯಲ್ಲಿದೆ. ರಾಗಿ ಬರವನ್ನು ತಡೆದುಕೊಳ್ಳುವ ಬೆಳೆ. ಹೂ ಬಿಡುವವರೆಗೆ ಎಷ್ಟು ಕಷ್ಟ ಕೊಟ್ಟರೂ ಸಹಿಸುತ್ತದೆ. ಆದರೆ ಬಲಿತ ತೆನೆ ನಾಲ್ಕು ದಿನ ತೇವದಲ್ಲಿದ್ದರೆ ಕಾಳು ಮೊಳೆಯುತ್ತದೆ, ಬಣ್ಣಗೆಡುತ್ತದೆ, ಖರೀದಿ ಕೇಂದ್ರದಲ್ಲಿ ತಿರಸ್ಕೃತವಾಗುತ್ತದೆ. ಮಾವಿನ ಕಥೆ ಬೇರೆ. ಶ್ರೀನಿವಾಸಪುರದ ತೋಟಗಳಲ್ಲಿ ಹೂಮೊಗ್ಗು ರೂಪುಗೊಳ್ಳುವ ಮುನ್ನ, ನವೆಂಬರ್–ಡಿಸೆಂಬರ್‌ನಲ್ಲಿ, ಮರಕ್ಕೆ ಒಣ ಚಳಿ ಬೇಕು. ಆಗ ನೆಲ ನೆನೆದರೆ ಮರ ಹೂವಿನ ಬದಲು ಚಿಗುರೊಡೆಯುತ್ತದೆ. ತಡವಾಗಿ ಬಂದ ಹೂವಿಗೆ ಮೋಡ ಕವಿದರೆ ಜಿಗಿಹುಳು, ಬೂದಿರೋಗ. ಮಾವಿನ ನಷ್ಟ ಕಣ್ಣಿಗೆ ಕಾಣುವುದು ಮೇ ತಿಂಗಳಲ್ಲಿ. ಅಷ್ಟು ಹೊತ್ತಿಗೆ ಚಂಡಮಾರುತದ ಹೆಸರು ಎಲ್ಲರಿಗೂ ಮರೆತಿರುತ್ತದೆ. ಕೋಲಾರದ ಮಾರುಕಟ್ಟೆಯನ್ನು ದೇಶಕ್ಕೆ ಪರಿಚಯಿಸಿದ ಟೊಮೆಟೊಗೆ ತಂಪು ತೇವ ಬಂದರೆ ಅಂಗಮಾರಿ, ಹಣ್ಣಿನ ಬಿರುಕು. ಈ ಮೂರರ ಪೈಕಿ ಯಾವುದೂ ‘ಕಡಲ ವಿಪತ್ತು’ ಎಂಬ ಶೀರ್ಷಿಕೆಯಡಿ ನಮ್ಮ ಜಿಲ್ಲೆಯ ಲೆಕ್ಕಕ್ಕೆ ಬರುವುದಿಲ್ಲ.

ದೊಡ್ಡವರ ಧೋರಣೆ

ಕಡಲಿನಿಂದ ದೂರವಿದ್ದೇವೆ ಎಂಬ ನೆಮ್ಮದಿ ನಮಗೆ ಮಾತ್ರ ಇದ್ದದ್ದಲ್ಲ. ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಪರ್ವತಗಳ ನಡುವೆ ಆಶ್ವಿಲ್ ಎಂಬ ಊರಿದೆ. ವಾಯುಗುಣ ಕೆಟ್ಟಾಗ ಹೋಗಿ ನೆಲೆಸಬಹುದಾದ ಸುರಕ್ಷಿತ ತಾಣವೆಂದು ಅದನ್ನು ಹೊಗಳುತ್ತಿದ್ದರು. 2024ರ ಸೆಪ್ಟೆಂಬರ್ 26ರ ರಾತ್ರಿ ಫ್ಲಾರಿಡಾ ಕರಾವಳಿಗೆ ಬಡಿದ ಹೆಲೀನ್ ಚಂಡಮಾರುತ ನೂರಾರು ಕಿಲೋಮೀಟರ್ ಒಳನುಗ್ಗಿ ಆ ಬೆಟ್ಟದೂರನ್ನೇ ಮುಳುಗಿಸಿತು. ಒಟ್ಟು 200ಕ್ಕೂ ಹೆಚ್ಚು ಜನ ಸತ್ತರು. ವಾಯುಗುಣ ಬದಲಾವಣೆಯಿಂದಾಗಿ ಆ ಮಳೆ ಸುಮಾರು ಶೇ. 10ರಷ್ಟು ಹೆಚ್ಚಾಗಿತ್ತೆಂದು ವಿಜ್ಞಾನಿಗಳ ತಂಡವೊಂದು ಲೆಕ್ಕ ಹಾಕಿತು. ಅಮೆರಿಕ ಸರ್ಕಾರದ ವಾಯುಗುಣ ದಾಖಲೆಗಳ ರಾಷ್ಟ್ರೀಯ ಭಂಡಾರ ಇರುವುದೂ ಅದೇ ಊರಿನಲ್ಲಿ. ಪ್ರವಾಹದಿಂದ ಅದರ ಸೇವೆಯೂ ಸ್ಥಗಿತವಾಯಿತು.

ಇಷ್ಟಾದ ನಾಲ್ಕು ತಿಂಗಳೊಳಗೆ, 2025ರ ಜನವರಿ 20ರಂದು, ಆ ದೇಶದ ಅಧ್ಯಕ್ಷರು ಪ್ಯಾರಿಸ್ ಒಪ್ಪಂದದಿಂದ ಎರಡನೆಯ ಬಾರಿ ಹೊರನಡೆಯುವ ಆದೇಶಕ್ಕೆ ಸಹಿ ಮಾಡಿದರು. ಹಸಿರುಮನೆ ಅನಿಲಗಳು ಜನರ ಆರೋಗ್ಯಕ್ಕೆ ಅಪಾಯಕಾರಿ ಎಂದು 2009ರಲ್ಲಿ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯೇ ಮಾಡಿದ್ದ ತೀರ್ಮಾನವನ್ನು ಹಿಂಪಡೆಯುವ ಪ್ರಸ್ತಾವ ಅದೇ ವರ್ಷದ ಜುಲೈನಲ್ಲಿ ಅದೇ ಸಂಸ್ಥೆಯಿಂದ ಹೊರಬಂತು. ಅಮೆರಿಕದ ಒಬ್ಬ ಪ್ರಜೆ ವರ್ಷಕ್ಕೆ ಸರಾಸರಿ 14 ಟನ್ನಿನಷ್ಟು ಇಂಗಾಲದ ಡೈಆಕ್ಸೈಡ್ ಹೊರಬಿಡುತ್ತಾನೆ; ಭಾರತದವನ ಪಾಲು ಸುಮಾರು 2 ಟನ್. ಈ ಅಂತರವನ್ನು ಮುಚ್ಚಿಟ್ಟು ‘ನಾವೆಲ್ಲರೂ ಸಮಾನ ಅಪರಾಧಿಗಳು’ ಎನ್ನುವುದು ವಂಚನೆ. ಗ್ಲಾಸ್ಗೋದಲ್ಲಿ ನಮ್ಮ ದೇಶ ಪದದ ಮೇಲೆ ಹಟ ಹಿಡಿದುದಕ್ಕೆ ಇದೇ ನ್ಯಾಯದ ಬೆಂಬಲವಿತ್ತು. ನಮ್ಮ ಪ್ರಧಾನಿ ಅಲ್ಲಿಯೇ ನವೆಂಬರ್ 1ರಂದು 2070ರ ವೇಳೆಗೆ ನಿವ್ವಳ ಶೂನ್ಯ ಹೊರಸೂಸುವಿಕೆಯ ಗುರಿಯನ್ನು ಘೋಷಿಸಿದ್ದರು.

ಆದರೆ ಈ ನ್ಯಾಯದ ಮಾತು ದೆಹಲಿಯಿಂದ ಬೆಂಗಳೂರಿಗೆ, ಅಲ್ಲಿಂದ ಜಿಲ್ಲಾ ಕಚೇರಿಗೆ ಇಳಿದು ಬರುವಷ್ಟರಲ್ಲಿ ಸೋಮಾರಿತನದ ನೆಪವಾಗಿ ಬದಲಾಗುತ್ತದೆ. ಕೆಲವು ವರ್ಷಗಳ ಹಿಂದೆ ಸಭೆಯೊಂದರಲ್ಲಿ ನಾನು, ನಮ್ಮ ಜಿಲ್ಲೆ ಎಷ್ಟು ಹಸಿರುಮನೆ ಅನಿಲವನ್ನು ಹೊರಬಿಡುತ್ತಿದೆ ಎಂಬ ಲೆಕ್ಕವಿದೆಯೇ ಎಂದು ವಿಚಾರಿಸಿದೆ. ಹಿರಿಯ ಅಧಿಕಾರಿಯೊಬ್ಬರು ನಕ್ಕು, “ಅದು ವಿದೇಶಾಂಗದವರ ವಿಷಯ ಡಾಕ್ಟರೇ, ನಮಗೆ ಕುಡಿಯುವ ನೀರಿನದೇ ಸಾಕಾಗಿದೆ” ಎಂದರು. ಅವರ ಮೇಲೆ ನನಗೆ ಕೋಪವಿಲ್ಲ. ಕುಡಿಯುವ ನೀರಿನ ಒತ್ತಡ ನಿಜವಾದದ್ದು. ಆದರೆ ನೀರೂ ಹೊಗೆಯೂ ಎರಡು ಬೇರೆ ಕಡತಗಳೆಂಬ ನಂಬಿಕೆ ತಪ್ಪು. ಆ ತಪ್ಪನ್ನು ತೋರಿಸಲು ಒಂದು ಸರಳ ಲೆಕ್ಕ ಸಾಕು.

ಸಾವಿರ ಅಡಿಯ ಹೊಗೆ

ಸಾವಿರ ಅಡಿ, ಅಂದರೆ ಸುಮಾರು 300 ಮೀಟರ್ ಆಳದಿಂದ ಸಾವಿರ ಲೀಟರ್ ನೀರನ್ನು ಎತ್ತಲು ಭೌತವಿಜ್ಞಾನದ ಪ್ರಕಾರ ಕನಿಷ್ಠ 0.8 ಯೂನಿಟ್ ವಿದ್ಯುತ್ ಬೇಕು. ಪಂಪ್‌ಸೆಟ್ಟಿನ ದಕ್ಷತೆ ಶೇ. 40 ಎಂದು ಹಿಡಿದರೆ ಅದು 2 ಯೂನಿಟ್ ಆಗುತ್ತದೆ. ದೇಶದ ವಿದ್ಯುತ್ ಜಾಲದಲ್ಲಿ ಒಂದು ಯೂನಿಟ್ಟಿಗೆ ಸರಾಸರಿ 0.7 ಕಿಲೋಗ್ರಾಮಿನಷ್ಟು ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಒಂದು ಎಕರೆ ಟೊಮೆಟೊಗೆ 20 ಲಕ್ಷ ಲೀಟರ್ ನೀರೆಂದು ಹಿಡಿದರೆ 4,000 ಯೂನಿಟ್ ವಿದ್ಯುತ್, ಸುಮಾರು 2.8 ಟನ್ ಅನಿಲ! ಒಬ್ಬ ಭಾರತೀಯನ ಇಡೀ ವರ್ಷದ ಸರಾಸರಿಗಿಂತ ಇದು ಹೆಚ್ಚು. ಅದೇ ನೀರನ್ನು 10 ಮೀಟರ್ ಆಳದ ತೆರೆದ ಬಾವಿಯಿಂದ ಎತ್ತಿದರೆ ಈ ಮೊತ್ತ ಮೂವತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹತ್ತು ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟಿಗೆ ವಿದ್ಯುತ್ ಉಚಿತವಾದ್ದರಿಂದ ರೈತನ ಕೈಗೆ ಈ ಲೆಕ್ಕದ ಬಿಲ್ಲು ಬರುವುದಿಲ್ಲ. ಅದನ್ನು ರಾಯಚೂರು, ಬಳ್ಳಾರಿಗಳ ಕಲ್ಲಿದ್ದಲು ಸ್ಥಾವರಗಳ ಚಿಮಣಿ ಆಕಾಶಕ್ಕೆ ಬರೆಯುತ್ತದೆ.

ಇದು ರೈತನ ಪಾಪವೆಂದು ನಾನು ಹೇಳುತ್ತಿಲ್ಲ. ಬಾವಿ ಬತ್ತಿದ್ದು ಅವನ ಇಷ್ಟದಿಂದಲ್ಲ. ಕೆರೆಯಂಗಳ ಒತ್ತುವರಿಯಾಯಿತು, ರಾಜಕಾಲುವೆಗಳು ಮುಚ್ಚಿಹೋದವು, ಗೋಮಾಳಗಳಲ್ಲಿ ನೀಲಗಿರಿ ಎದ್ದಿತು. ಮಾಲೂರಿನ ಹೆಂಚು–ಇಟ್ಟಿಗೆಯ ಗೂಡುಗಳಿಗೆ ಕೆರೆಯ ಜೇಡಿಯೂ ಬೇಕಾಯಿತು, ನೀಲಗಿರಿಯ ಸೌದೆಯೂ ಬೇಕಾಯಿತು. ಬೆಂಗಳೂರಿನ ಕಟ್ಟಡಗಳು ಎದ್ದಂತೆಲ್ಲ ಇಲ್ಲಿನ ಮಣ್ಣು, ಮರ, ಅಂತರ್ಜಲ ಮೂರೂ ಇಳಿದವು. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಇಟ್ಟಿಗೆ ಗೂಡುಗಳ ಹೊಗೆಗೆ 2022ರ ಫೆಬ್ರವರಿಯಲ್ಲಿ ಕೇಂದ್ರವು ಹೊಸ ಮಾನದಂಡಗಳನ್ನು ಪ್ರಕಟಿಸಿತು. ಕಾಗದದ ಮೇಲೆ ಎರಡೂ ಒಳ್ಳೆಯವೇ. ಆದರೆ ಕಡಿದ ಬುಡದಿಂದ ನೀಲಗಿರಿ ಮತ್ತೆ ಚಿಗುರುತ್ತದೆ. ಬುಡ ಕೀಳಿಸುವ ಖರ್ಚು ಯಾರದೆಂಬುದು ಇತ್ಯರ್ಥವಾಗದೆ ನಿಷೇಧ ಫಲಿಸುವುದಿಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. 2018ರ ಜೂನ್‌ನಿಂದ ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಬೆಂಗಳೂರಿನ ಸಂಸ್ಕರಿತ ನೀರು ನಮ್ಮ ಕೆರೆಗಳಿಗೆ ಹರಿಯುತ್ತಿದೆ. ಅದರ ಗುಣಮಟ್ಟದ ಚರ್ಚೆ ಬೇರೆಯದು, ಮುಗಿದಿಲ್ಲದ್ದು. ನಾನು ಗಮನ ಸೆಳೆಯುವುದು ಈ ಅಂಶಕ್ಕೆ: ವರ್ಷಪೂರ್ತಿ ತುಂಬಿರುವ ಕೆರೆಗೆ ನವೆಂಬರ್‌ನ ತುಫಾನು ಮಳೆಯನ್ನು ಹಿಡಿದಿಡಲು ಜಾಗವಿರುವುದಿಲ್ಲ. ಅಂತಹ ಕೆರೆಯ ಏರಿ, ತೂಬು, ಕೋಡಿಗಳು ಒಣ ಕೆರೆಯವಕ್ಕಿಂತ ಗಟ್ಟಿಯಾಗಿರಬೇಕು. ಬರದ ಪರಿಹಾರಕ್ಕೆಂದು ತುಂಬಿಸಿದ ಕೆರೆ ಪ್ರವಾಹಕ್ಕೆ ಕಾರಣವಾಗಬಾರದು.

ಪರಿಹಾರವೆಂಬ ಅಣಕ

2021ರಲ್ಲಿ ಕೇಂದ್ರದ ಮಾರ್ಗಸೂಚಿಯಂತೆ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 6,800 ರೂಪಾಯಿ, ಅದೂ ಶೇ. 33ಕ್ಕಿಂತ ಹೆಚ್ಚು ಹಾನಿಯಾಗಿದ್ದರೆ, ಎರಡು ಹೆಕ್ಟೇರಿನ ಮಿತಿಗೆ. ಆ ಡಿಸೆಂಬರ್‌ನಲ್ಲಿ ರಾಜ್ಯ ಸರ್ಕಾರ ಅದನ್ನು 13,600ಕ್ಕೆ ಏರಿಸಿದ್ದು ಮೆಚ್ಚತಕ್ಕ ಕೆಲಸ. ಆದರೂ ಲೆಕ್ಕ ನೋಡಿ: ನನ್ನ ನೆರೆಯ ಆ ತಾಯಿಗೆ 12 ಕ್ವಿಂಟಲ್ ರಾಗಿ ಬರಬೇಕಿತ್ತು. ಅಂದಿನ ಬೆಂಬಲ ಬೆಲೆ ಕ್ವಿಂಟಲ್‌ಗೆ 3,377 ರೂಪಾಯಿಯಂತೆ ಅದು 40 ಸಾವಿರ ದಾಟುತ್ತದೆ. ಪಟ್ಟಿಗೆ ಹೆಸರು ಸೇರಿದ್ದರೂ ಅವರಿಗೆ ಸಿಗುತ್ತಿದ್ದುದು 8 ಸಾವಿರದ ಆಸುಪಾಸು. ಎರಡು ಹಸುಗಳ ಆರು ತಿಂಗಳ ಹುಲ್ಲು ಯಾವ ಲೆಕ್ಕದಲ್ಲೂ ಇಲ್ಲ.

ಬೆಳೆ ವಿಮೆಯಲ್ಲಿ ಒಂದು ಒಳ್ಳೆಯ ಅವಕಾಶವಿದೆ. ಬಹುಪಾಲು ರೈತರಿಗೆ ಅದು ಗೊತ್ತಿಲ್ಲ. ಕೊಯ್ದು ಹೊಲದಲ್ಲಿ ಒಣಗಲು ಹಾಕಿದ ಬೆಳೆ ಹದಿನಾಲ್ಕು ದಿನಗಳೊಳಗೆ ಚಂಡಮಾರುತದ ಮಳೆ ಅಥವಾ ಅಕಾಲಿಕ ಮಳೆಗೆ ಹಾಳಾದರೆ ಫಸಲ್ ಬಿಮಾ ಯೋಜನೆಯಡಿ ಪರಿಹಾರಕ್ಕೆ ಅರ್ಹ. ಆದರೆ 72 ಗಂಟೆಯೊಳಗೆ ದೂರು ದಾಖಲಾಗಬೇಕು. ಮೂರು ದಿನ ಮಳೆ ಹೊಡೆದು, ಕರೆಂಟು ಹೋಗಿ, ಮೊಬೈಲು ಸತ್ತಿರುವ ಹಳ್ಳಿಯಲ್ಲಿ 72 ಗಂಟೆ ಎಂದರೇನೆಂಬುದನ್ನು ನಿಯಮ ಬರೆದವರು ಬಂದು ನೋಡಬೇಕು.

ಆಗಬೇಕಾದ್ದು

ಮೊದಲನೆಯದಾಗಿ, ನಮ್ಮ ಜಿಲ್ಲಾ ವಿಪತ್ತು ನಿರ್ವಹಣಾ ಯೋಜನೆಯಲ್ಲಿ ಬರಗಾಲಕ್ಕೆ ಇರುವಷ್ಟೇ ಸ್ಥಾನ ಹಿಂಗಾರಿನ ಚಂಡಮಾರುತಕ್ಕೂ ದೊರೆಯಲಿ. ಅಕ್ಟೋಬರ್ ಹುಟ್ಟುವ ಮುನ್ನ ಕೋಡಿ, ತೂಬು, ರಾಜಕಾಲುವೆಗಳ ತಪಾಸಣೆ ಮುಗಿದು, ಅದರ ವರದಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಇರಲಿ.

ಎರಡನೆಯದಾಗಿ, ಮುನ್ಸೂಚನೆ ಕೊಯ್ಲಿನ ಭಾಷೆಯಲ್ಲಿ ಬರಲಿ. ‘ಕೆಲವೆಡೆ ಭಾರಿ ಮಳೆ’ ಎಂಬ ವಾಕ್ಯದಿಂದ ರೈತನಿಗೆ ಪ್ರಯೋಜನವಿಲ್ಲ. ‘ಇನ್ನು ಐದು ದಿನ ರಾಗಿ ಕೊಯ್ದು ನೆಲಕ್ಕೆ ಹಾಕಬೇಡಿ’ ಎಂಬ ಮಾತು ಬೇಕು. ಪ್ರತಿ ಹೋಬಳಿಯಲ್ಲಿ ಟಾರ್ಪಾಲು, ಎತ್ತರದ ಒಕ್ಕಣೆ ಕಣ, ಒಣಗಿಸುವ ಯಂತ್ರ ಬಾಡಿಗೆಗೆ ಸಿಗಲಿ. ನಮ್ಮ ಹಿರಿಯರು ಮೋಡ ಕಂಡಾಗ ತೆನೆಯನ್ನು ಮಾತ್ರ ಮುರಿದು ಸೂರಿನಡಿಗೆ ತಂದು, ಹುಲ್ಲನ್ನು ಆಮೇಲೆ ಕೊಯ್ಯುತ್ತಿದ್ದುದುಂಟು. ಕೂಲಿ ದುಬಾರಿಯಾದ ಈ ಕಾಲದಲ್ಲೂ ಸಣ್ಣ ಹಿಡುವಳಿಗೆ ಅದು ಸಾಧ್ಯ. 2021ರಲ್ಲಿ ನಾನು ಹೇಳಬೇಕಾಗಿದ್ದುದು ಅದನ್ನೇ. ಬಿತ್ತನೆ ತಡವಾದರೆ ದೀರ್ಘಾವಧಿ ತಳಿಯ ಆಸೆ ಬಿಟ್ಟು ನೂರು ದಿನದ ಆಸುಪಾಸಿನ ತಳಿಗೆ ಹೋಗುವುದು ಲೇಸು.

ಮೂರನೆಯದಾಗಿ, ಹಾನಿಯ ಸಮೀಕ್ಷೆಯಲ್ಲಿ ಕೊಯ್ದ ಬೆಳೆ, ಹುಲ್ಲು, ಮುಂದಿನ ಮಾವಿನ ಹೂ — ಮೂರಕ್ಕೂ ಅಂಕಣವಿರಲಿ.

ನಾಲ್ಕನೆಯದಾಗಿ, ಜಿಲ್ಲೆಯ ಹಸಿರುಮನೆ ಅನಿಲದ ಲೆಕ್ಕಪುಸ್ತಕ ತೆರೆಯಲಿ. ಪಂಪ್‌ಸೆಟ್ಟು, ಇಟ್ಟಿಗೆ ಗೂಡು, ನರಸಾಪುರದ ಕಾರ್ಖಾನೆಗಳು, ಹೆದ್ದಾರಿಯ ಲಾರಿ, ಕಸದ ಗುಡ್ಡೆ, ಎಲ್ಲವೂ ಅದರಲ್ಲಿರಲಿ. ಇದನ್ನು ರೈತನ ಮೇಲೆ ತೆರಿಗೆ ಹಾಕಲೆಂದು ಕೇಳುತ್ತಿಲ್ಲ. ಹೂಳೆತ್ತಿದ ಒಂದು ಕೆರೆ ಎಷ್ಟು ಯೂನಿಟ್ ವಿದ್ಯುತ್ ಉಳಿಸಿತು ಎಂದು ತೋರಿಸಲು ಬೇರೆ ದಾರಿಯಿಲ್ಲ. ಅಂತರ್ಜಲ ನೂರು ಅಡಿ ಮೇಲೆ ಬಂದರೆ ಅಷ್ಟರ ಮಟ್ಟಿಗೆ ಕಲ್ಲಿದ್ದಲು ನೆಲದಲ್ಲೇ ಉಳಿಯುತ್ತದೆ. ಹೂಳೆತ್ತುವ ಕೆಲಸ ಬರಕ್ಕೂ ಮದ್ದು, ತುಫಾನಿಗೂ ಮದ್ದು, ಹೊಗೆಗೂ ಮದ್ದು. ಇಂತಹ ಮೂರು ಗುಣದ ಕಾಮಗಾರಿ ಬೇರೊಂದಿಲ್ಲ.

ನಮ್ಮ ಹೊರಸೂಸುವಿಕೆಯನ್ನು ನಾವು ಅಳೆಯುವುದೆಂದರೆ ಶ್ರೀಮಂತ ರಾಷ್ಟ್ರಗಳ ಹೊಣೆಯನ್ನು ಹೊತ್ತುಕೊಂಡಂತೆ ಎಂಬ ಅಳುಕು ಬೇಡ. ನಷ್ಟಕ್ಕೆ ಪರಿಹಾರ ಕೇಳುವವನ ಕೈಯಲ್ಲಿ ಸ್ವಂತ ಲೆಕ್ಕವಿದ್ದರೆ ದನಿ ಗಟ್ಟಿಯಾಗುತ್ತದೆ. ಲೆಕ್ಕವಿಲ್ಲದವನ ಅಹವಾಲು ಗ್ಲಾಸ್ಗೋದಲ್ಲೂ ನಡೆಯದು, ತಾಲ್ಲೂಕು ಕಚೇರಿಯಲ್ಲೂ ನಡೆಯದು.

ಆ ತಾಯಿ ಈಗಲೂ ಪ್ರತಿ ವರ್ಷ ಸ್ವಾತಿ ಮಳೆ ಕಳೆದ ಮೇಲೆ ಬಂದು ಕೇಳುತ್ತಾರೆ: “ಕೊಯ್ಯಲೇ, ಬಿಡಲೇ?” ನಾನು ಮೊದಲಿನಂತೆ ತೆನೆ ನೋಡಿ ಉತ್ತರ ಹೇಳುವುದಿಲ್ಲ. ಬಂಗಾಳ ಕೊಲ್ಲಿಯ ನಕ್ಷೆಯನ್ನು ತೆರೆದು ನೋಡುತ್ತೇನೆ. ಅವರು ಪಕ್ಕದಲ್ಲಿ ನಿಂತು ಕಾಯುತ್ತಾರೆ. ಅವರ ಪ್ರಶ್ನೆಗೆ ಉತ್ತರಿಸಬೇಕಾದವನು ನಾನೊಬ್ಬನೇ ಅಲ್ಲ ಎಂಬುದನ್ನು ಜಿಲ್ಲಾ ಕಚೇರಿಯಿಂದ ದೆಹಲಿಯವರೆಗಿನ ಎಲ್ಲರಿಗೂ ನೆನಪಿಸಬೇಕಾಗಿದೆ. ಈ ಅಕ್ಟೋಬರ್‌ಗೆ ಮುನ್ನ ನಿಮ್ಮ ಊರಿನ ಕೆರೆಯ ಕೋಡಿಯನ್ನು ಒಮ್ಮೆ ನೋಡಿ ಬನ್ನಿ. ಕಂಡದ್ದನ್ನು ಗ್ರಾಮಸಭೆಯಲ್ಲಿ ಬರೆಸಿ.